ಒಂದು ಚಿತ್ರ, ಹಲವು ಸಾಕ್ಷಿಗಳು: ‘ಸೈಕೋ’ ನೋಡಿದವರು ಹೇಳಿದ್ದೇನು?



ಒಂದೇ ಸಿನಿಮಾ ನೋಡಿ ಹೊರಗೆ ಬಂದ ನಾಲ್ವರು ಗೆಳೆಯರು ನಾಲ್ಕು ಬಗೆಯಾಗಿ ಮಾತನಾಡುವುದು ಹೊಸದೇನಲ್ಲ. ‘ಅವರವರ ರುಚಿ’ ಎಂದು ನಾವು ಅದನ್ನು ಅಲ್ಲಿಗೇ ಬಿಟ್ಟುಬಿಡುತ್ತೇವೆ. ಚರಿತ್ರೆ ಓದುವವರು ಮಾತ್ರ ಅಷ್ಟು ಸುಲಭವಾಗಿ ಬಿಡುವಂತಿಲ್ಲ. ಅಭಿಪ್ರಾಯವೂ ಒಂದು ದಾಖಲೆಯೇ. ಒಂದು ಶಾಸನ ಸಿಕ್ಕಾಗ, ಹಳೆಯ ಕಡತವೊಂದು ಕೈಗೆ ಬಂದಾಗ, ಇದನ್ನು ಬರೆದವರು ಯಾರು, ಯಾವಾಗ ಬರೆದರು, ಯಾರು ಓದಲೆಂದು ಬರೆದರು ಎಂದು ಕೇಳುತ್ತೇವಲ್ಲವೆ? ಸಿನಿಮಾ ನೋಡಿದವನ ಮಾತಿಗೂ ಅವೇ ಪ್ರಶ್ನೆಗಳನ್ನು ಹಾಕಬಹುದು. ಹಾಗೆ ಹಾಕಿ ನೋಡುವುದಕ್ಕೆ ಆಲ್‌ಫ್ರೆಡ್ ಹಿಚ್‌ಕಾಕ್ ಅವರ ‘ಸೈಕೋ’ ಚಿತ್ರದಷ್ಟು ಒದಗುವ ಉದಾಹರಣೆ ಅಪರೂಪ.

ಈ ಚಿತ್ರ 1960ರ ಜೂನ್ 16ರಂದು ನ್ಯೂಯಾರ್ಕಿನಲ್ಲಿ ಬಿಡುಗಡೆಯಾಯಿತು. ಕಥೆ ರಾಬರ್ಟ್ ಬ್ಲಾಕ್ ಎಂಬ ಲೇಖಕರು 1959ರಲ್ಲಿ ಪ್ರಕಟಿಸಿದ ಕಾದಂಬರಿಯದು. ಅರಿಝೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಕಚೇರಿಯೊಂದರ ಗುಮಾಸ್ತೆ ಮೇರಿಯನ್ ಕ್ರೇನ್. ಬ್ಯಾಂಕಿಗೆ ಕಟ್ಟಲು ಯಜಮಾನ ಕೊಟ್ಟ 40,000 ಡಾಲರನ್ನು ಎತ್ತಿಕೊಂಡು, ಪ್ರಿಯಕರನ ಊರಿಗೆ ಕಾರು ಹತ್ತುತ್ತಾಳೆ. ದಾರಿಯಲ್ಲಿ ಮಳೆ, ಕತ್ತಲೆ. ಹೆದ್ದಾರಿಯಿಂದ ಆಚೆ ಉಳಿದುಹೋದ ಒಂದು ಮೋಟೆಲಿನಲ್ಲಿ ತಂಗುತ್ತಾಳೆ. ಅದನ್ನು ನಡೆಸುವವನು ನಾರ್ಮನ್ ಬೇಟ್ಸ್ ಎಂಬ ಸಂಕೋಚದ ಯುವಕ. ಚಿತ್ರ ಅರ್ಧ ಮುಟ್ಟುವುದಕ್ಕೂ ಮೊದಲೇ ಮೇರಿಯನ್ ಬಚ್ಚಲಿನಲ್ಲಿ ಶವರಿನ ಕೆಳಗೆ ನಿಂತಿದ್ದಾಗ ಚೂರಿ ಇರಿತಕ್ಕೆ ಬಲಿಯಾಗುತ್ತಾಳೆ. ಆ ಪಾತ್ರ ಮಾಡಿದ ಜಾನೆಟ್ ಲೀ ಆಗ ಹೆಸರಾಂತ ತಾರೆ. ಇಡೀ ಚಿತ್ರಕ್ಕೆ ಇವಳೇ ನಾಯಕಿ ಎಂದು ನಂಬಿ ಕುಳಿತ ಪ್ರೇಕ್ಷಕನಿಗೆ ಕಾಲ ಕೆಳಗಿನ ನೆಲವೇ ಕುಸಿದಂತಾಗುತ್ತದೆ. ಮುಂದಿನ ರಹಸ್ಯವನ್ನು ಇಲ್ಲಿ ಹೇಳುವುದಿಲ್ಲ. ಹೇಳಬೇಡಿರೆಂದು ಹಿಚ್‌ಕಾಕ್ ಅಂದೇ ಎಲ್ಲರನ್ನೂ ಕೇಳಿಕೊಂಡಿದ್ದಾರೆ. ಇನ್ನೂ ನೋಡದವರು ನಿಮ್ಮಲ್ಲಿ ಬಹಳ ಮಂದಿ ಇರಬೇಕು.

ಈಗ ಮೊದಲ ಪ್ರಶ್ನೆ: ಇದನ್ನು ಅಂದಿನವರು ನೋಡಿದ್ದು ಹೇಗೆ?

ನಮ್ಮ ಕರಾವಳಿಯಲ್ಲಿ ಬಯಲಾಟಕ್ಕೆ ನಡುರಾತ್ರಿಯಲ್ಲಿ ಹೋಗಿ ಕುಳಿತರೂ ಯಾರೂ ಏನೂ ಅನ್ನುವುದಿಲ್ಲ. ಕೀಚಕ ಸಾಯುತ್ತಾನೆಂಬುದು ಎಲ್ಲರಿಗೂ ಗೊತ್ತು. ಹೇಗೆ ಕುಣಿದು ಸಾಯುತ್ತಾನೆಂಬುದನ್ನು ನೋಡಲು ಹೋಗುತ್ತೇವೆ. ಆಶ್ಚರ್ಯವೆಂದರೆ, ಆ ಕಾಲದ ಅಮೆರಿಕದ ಚಿತ್ರಮಂದಿರಗಳಲ್ಲೂ ಹೆಚ್ಚುಕಡಿಮೆ ಇದೇ ರೂಢಿಯಿತ್ತು. ಪ್ರದರ್ಶನ ಒಂದರ ಬೆನ್ನಿಗೆ ಒಂದರಂತೆ ನಡೆಯುತ್ತಲೇ ಇರುತ್ತಿತ್ತು. ಜನ ತಮಗೆ ಬಿಡುವಾದಾಗ ಒಳಗೆ ಹೋಗಿ, ನಡುವಿನಿಂದ ಕೊನೆಯವರೆಗೆ ನೋಡಿ, ಮತ್ತೆ ಮೊದಲಿನಿಂದ ತಾವು ಬಂದ ಜಾಗದವರೆಗೆ ನೋಡಿ ಎದ್ದುಬರುತ್ತಿದ್ದರು. ‘ಸೈಕೋ’ಗೆ ಹಾಗೆ ಬಂದರೆ ಏನಾಗುತ್ತದೆ ಯೋಚಿಸಿ. ಜಾನೆಟ್ ಲೀಯನ್ನು ನೋಡಲು ಬಂದವನಿಗೆ ಅವಳು ಕಾಣಸಿಗುವುದೇ ಇಲ್ಲ!

ಅದಕ್ಕೆ ಹಿಚ್‌ಕಾಕ್ ಒಂದು ಕಟ್ಟಳೆ ಮಾಡಿದರು: ಚಿತ್ರ ಪ್ರಾರಂಭವಾದ ಮೇಲೆ ಯಾರಿಗೂ ಪ್ರವೇಶವಿಲ್ಲ. ಮಂದಿರಗಳ ಮುಂಭಾಗದಲ್ಲಿ ಅವರದೇ ಆಳೆತ್ತರದ ರಟ್ಟಿನ ಚಿತ್ರ ಕೈಗಡಿಯಾರ ತೋರಿಸುತ್ತ ನಿಂತಿತು. ನ್ಯೂಯಾರ್ಕಿನಲ್ಲಿ ಬಾಗಿಲಿಗೆ ಖಾಸಗಿ ಕಾವಲುಗಾರರನ್ನೂ ನಿಲ್ಲಿಸಿದರು. ಮಂದಿರದ ವ್ಯವಸ್ಥಾಪಕರಿಗೆಂದೇ ವಿತರಣೆಯ ಪ್ಯಾರಾಮೌಂಟ್ ಸಂಸ್ಥೆ ಒಂದು ಕೈಪಿಡಿ ಅಚ್ಚುಹಾಕಿ ಹಂಚಿತು. ಹೀಗೆ ಹೊರಗೆ ಸಾಲು, ಒಳಗೆ ಕಿರುಚಾಟ, ಎದ್ದುಬಂದವರ ಮುಖದಲ್ಲಿ ಗಾಬರಿ. ಅದನ್ನು ಕಂಡು ಸಾಲಿನಲ್ಲಿ ನಿಂತವರಿಗೆ ಇನ್ನಷ್ಟು ಆತುರ. ಲಿಂಡಾ ವಿಲಿಯಮ್ಸ್ ಎಂಬ ಚಲನಚಿತ್ರ ವಿದ್ವಾಂಸರು, ಸಿನಿಮಾ ನೋಡುವ ಶಿಸ್ತನ್ನು ಅಮೆರಿಕದ ಜನ ಈ ಚಿತ್ರದ ಬಾಗಿಲಲ್ಲಿ ಕಲಿತರು ಎಂಬ ಅರ್ಥದಲ್ಲಿ ವಾದಿಸಿದ್ದಾರೆ. ಹೆದರುವುದಕ್ಕೂ ಮೊದಲು ಹೇಳಿದಂತೆ ಕೇಳಿ ಸಾಲಿನಲ್ಲಿ ನಿಂತ ಜನ ಅವರು.

ವಿಮರ್ಶಕರಿಗೂ ವಿನಾಯಿತಿ ಇರಲಿಲ್ಲ. ಪತ್ರಿಕೆಯವರಿಗೆ ಮುಂಚಿತವಾಗಿ ಪ್ರತ್ಯೇಕ ಪ್ರದರ್ಶನ ಏರ್ಪಡಿಸಿ, ಉಪಚರಿಸಿ ಕಳಿಸುವುದು ವಾಡಿಕೆ. ಈ ಬಾರಿ ಅದನ್ನು ತಪ್ಪಿಸಿ, ಸಾರ್ವಜನಿಕರ ಜೊತೆಗೇ ಬಂದು ನೋಡಿರೆಂದರು. ವಿಮರ್ಶಕರಿಗೆ ಮುನಿಸು ಬಂದದ್ದರಲ್ಲಿ ಸೋಜಿಗವಿಲ್ಲ. ಅವರ ಬರಹಗಳನ್ನು ಓದುವಾಗ ಈ ಮುನಿಸನ್ನೂ ಸ್ವಲ್ಪ ಕಳೆದು ಓದಬೇಕು. ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ಹಿಂದಿನ ವರ್ಷವಷ್ಟೇ ಹಿಚ್‌ಕಾಕ್ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಎಂಬ ಬಣ್ಣದ, ಅದ್ಧೂರಿ ಚಿತ್ರ ಕೊಟ್ಟಿದ್ದರು. ‘ಸೈಕೋ’ ಕಪ್ಪು ಬಿಳುಪು. ಖರ್ಚು ಸುಮಾರು 8 ಲಕ್ಷ ಡಾಲರ್ ಮಾತ್ರ. ಪ್ಯಾರಾಮೌಂಟಿಗೆ ಈ ಕಥೆಯಲ್ಲಿ ಉತ್ಸಾಹವಿಲ್ಲದ್ದರಿಂದ ಹಿಚ್‌ಕಾಕ್ ಸಂಭಾವನೆಯನ್ನು ಮುಂದೂಡಿ ತಮ್ಮ ಸಂಸ್ಥೆಯ ಹಣದಲ್ಲೇ ತಯಾರಿಸಿದರು. ಛಾಯಾಗ್ರಾಹಕ ಜಾನ್ ರಸೆಲ್ ಸೇರಿದಂತೆ ಹೆಚ್ಚಿನ ತಂತ್ರಜ್ಞರು ಅವರ ದೂರದರ್ಶನ ಸರಣಿಯಲ್ಲಿ ದುಡಿಯುತ್ತಿದ್ದವರು. ದೊಡ್ಡ ಔತಣ ನಿರೀಕ್ಷಿಸಿ ಬಂದವರಿಗೆ ಇದು ಮನೆಯ ಗಂಜಿಯಂತೆ ಕಂಡಿದ್ದರೆ, ಆ ದೂರಿನಲ್ಲಿ ಅರ್ಧ ಭಾಗ ನಿರೀಕ್ಷೆಯದು.

‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಬಾಸ್ಲಿ ಕ್ರೌದರ್ ಇದನ್ನು ಕಡಿಮೆ ಖರ್ಚಿನ ಕೆಲಸವೆಂದೂ, ನಿಧಾನಗತಿಯದೆಂದೂ, ಹಳೆಯ ಮಾದರಿಯ ಅತಿನಾಟಕವೆಂದೂ ಬರೆದರು. ಕುತೂಹಲದ ಸಂಗತಿ, ಅದೇ ವರ್ಷದ ಕೊನೆಯಲ್ಲಿ ಅವರು ಆರಿಸಿದ ಹತ್ತು ಉತ್ತಮ ಚಿತ್ರಗಳಲ್ಲಿ ‘ಸೈಕೋ’ ಸೇರಿತ್ತು. ಆರು ತಿಂಗಳಲ್ಲಿ ಚಿತ್ರವೇನೂ ಬದಲಾಗಿರಲಿಲ್ಲ. ‘ಎಸ್ಕ್ವೈರ್’ ಪತ್ರಿಕೆಯ ಡ್ವೈಟ್ ಮೆಕ್‌ಡೊನಾಲ್ಡ್ ಮಾತ್ರ ಇದರ ಹಿಂದೆ ಅಹಿತಕರವಾದ ಮನಸ್ಸೊಂದಿದೆ ಎಂದು ಕಟುವಾಗಿ ಹೇಳಿದರು. ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆಗೆ 1928ರಿಂದ ಬರೆಯುತ್ತಿದ್ದ ಸಿ. ಎ. ಲೆಜೂನ್ ಎಂಬ ಹಿರಿಯ ವಿಮರ್ಶಕಿ ಚಿತ್ರ ಮುಗಿಯುವ ಮೊದಲೇ ಎದ್ದು ಹೊರನಡೆದರು. ಅದೇ ವರ್ಷ ಪತ್ರಿಕೆಯ ಕೆಲಸದಿಂದಲೂ ನಿವೃತ್ತರಾದರು.

ನಮ್ಮ ಲಕ್ಷಣಗ್ರಂಥಗಳು ಭಯಾನಕ, ಬೀಭತ್ಸ ಎಂದು ಎರಡು ರಸಗಳನ್ನು ಬೇರೆಬೇರೆಯಾಗಿಯೇ ಎಣಿಸಿವೆ. ಮೊದಲನೆಯದಕ್ಕೆ ಭಯ ಸ್ಥಾಯಿಭಾವ, ಎರಡನೆಯದಕ್ಕೆ ಜುಗುಪ್ಸೆ. ಈ ಭಾಷೆಯಲ್ಲಿ ಹೇಳುವುದಾದರೆ ಅಂದಿನ ವಿಮರ್ಶಕರ ದೂರು ಇಷ್ಟು: ಭಯಾನಕದ ಹೆಸರಿನಲ್ಲಿ ಹಿಚ್‌ಕಾಕ್ ಬೀಭತ್ಸವನ್ನು ಬಡಿಸಿದ್ದಾರೆ.

ಜನ ಇದಕ್ಕೆ ಕಿವಿಗೊಡಲಿಲ್ಲ. ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಹಣ ಗಳಿಸಿದ ಚಿತ್ರಗಳ ಸಾಲಿನಲ್ಲಿ ‘ಸೈಕೋ’ ನಿಂತಿತು. ಆಸ್ಕರ್ ಪ್ರಶಸ್ತಿಗೆ ನಿರ್ದೇಶನವೂ ಸೇರಿ ನಾಲ್ಕು ವಿಭಾಗಗಳಲ್ಲಿ ನಾಮಕರಣಗೊಂಡು, ಒಂದನ್ನೂ ಗೆಲ್ಲಲಿಲ್ಲ. ಮಗಳು ಶವರಿನ ಕೆಳಗೆ ನಿಲ್ಲಲು ಒಲ್ಲೆನೆನ್ನುತ್ತಾಳೆ, ಏನು ಮಾಡಲಿ ಎಂದು ತಂದೆಯೊಬ್ಬರು ತಮಗೆ ಕಾಗದ ಬರೆದರೆಂದೂ, ಡ್ರೈ ಕ್ಲೀನಿಂಗ್ ಅಂಗಡಿಗೆ ಕಳಿಸಿ ಎಂದು ತಾವು ಉತ್ತರಿಸಿದಿರೆಂದೂ ಹಿಚ್‌ಕಾಕ್ ಹೇಳಿಕೊಳ್ಳುತ್ತಿದ್ದರು. ಇದರಲ್ಲಿ ಎಷ್ಟು ನಿಜ, ಎಷ್ಟು ಜಾಹೀರಾತು ಎಂಬುದನ್ನು ನೀವೇ ತೂಗಿಕೊಳ್ಳಿ. ಕಥೆ ಹೇಳುವುದೇ ಅವರ ಕಸುಬು.

ಈಗ ಮುಖ್ಯ ಘಟ್ಟಕ್ಕೆ ಬರೋಣ. ಜನರು ಕಂಡದ್ದಾದರೂ ಏನು?

ಬಚ್ಚಲಿನ ದೃಶ್ಯದಲ್ಲಿ ಇರಿತ ನಡೆಯುವುದು ಮುಕ್ಕಾಲು ನಿಮಿಷದಷ್ಟು ಹೊತ್ತು. ಅದನ್ನು ಚಿತ್ರಿಸಲು 1959ರ ಡಿಸೆಂಬರಿನಲ್ಲಿ ಸುಮಾರು ಒಂದು ವಾರ ಹಿಡಿಯಿತು. ಕೆಮರಾದ ಕೋನಗಳು ಹತ್ತಾರು. ಒಂದೊಂದು ತುಣುಕೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಚೂರಿ, ನೀರು, ಬಾಯಿ, ಕೈ, ಪರದೆ, ಮತ್ತೆ ಚೂರಿ. ಜಾರ್ಜ್ ಟೊಮಾಸಿನಿ ಅವರ ಸಂಕಲನ ಈ ಚೂರುಗಳನ್ನು ಹೊಲಿದಿದೆ. ಬರ್ನಾರ್ಡ್ ಹರ್ಮನ್ ಅವರ ಸಂಗೀತದಲ್ಲಿ ಇರುವುದು ತಂತಿವಾದ್ಯಗಳು ಮಾತ್ರ. ಪಿಟೀಲುಗಳು ಹಕ್ಕಿಗಳಂತೆ ಚೀರುತ್ತವೆ. ರಕ್ತವೆಂದು ಹರಿದದ್ದು ಚಾಕೊಲೇಟ್ ಪಾಕ. ಚೂರಿ ಚರ್ಮವನ್ನು ಸೀಳುವುದು ಎಲ್ಲಿಯೂ ಕಾಣುವುದಿಲ್ಲ. ಒಂದು ಕ್ಷಣ ಅದರ ತುದಿ ಮೈಗೆ ತಾಗಿದಂತೆ ತೋರುತ್ತದೆ, ಅಷ್ಟೆ. ಹಾಗಿದ್ದರೂ ಚೂರಿ ಒಳಗಿಳಿದದ್ದನ್ನು ಕಣ್ಣಾರೆ ಕಂಡೆವೆಂದು ಆಣೆಯಿಟ್ಟು ಹೇಳುವವರು ಬಹಳ ಮಂದಿ. ಕಪ್ಪು ಬಿಳುಪಿನ ಚಿತ್ರದಲ್ಲಿ ಕೆಂಪು ರಕ್ತ ಕಂಡವರೂ ಇದ್ದಾರೆ.

ಸೆನ್ಸಾರ್ ಪರಿಶೀಲನೆಯ ಪ್ರಸಂಗವೊಂದನ್ನು ಚಿತ್ರಕಥೆ ಬರೆದ ಜೋಸೆಫ್ ಸ್ಟೆಫಾನೊ ಮುಂದೆ ವಿವರಿಸಿದ್ದಾರೆ. ಪರಿಶೀಲಕರಲ್ಲಿ ಕೆಲವರು ಈ ದೃಶ್ಯದಲ್ಲಿ ನಗ್ನತೆ ಇದೆಯೆಂದರು, ಉಳಿದವರು ಇಲ್ಲವೆಂದರು. ಹಿಚ್‌ಕಾಕ್ ಏನನ್ನೂ ಕತ್ತರಿಸದೆ ಅದೇ ಸುರುಳಿಯನ್ನು ಮತ್ತೆ ಕಳಿಸಿದರು. ಎರಡನೆಯ ಸಲ, ಮೊದಲು ಕಂಡವರಿಗೆ ಕಾಣಲಿಲ್ಲ, ಕಾಣದವರಿಗೆ ಕಂಡಿತು! ಪ್ರಸಂಗಕ್ಕೆ ಸ್ವಲ್ಪ ಬಣ್ಣ ಹಚ್ಚಿರಬಹುದು. ಆದರೂ ಚರಿತ್ರೆಯ ತರಗತಿಯಲ್ಲಿ ಸಾಕ್ಷಿಗಳ ಹೇಳಿಕೆಯ ಬಗ್ಗೆ ಪಾಠ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಕಾಗದದ ಮೇಲೆ ಅಭಿಪ್ರಾಯಗಳು ಭಿನ್ನವಾಗುವುದಕ್ಕೂ ಮೊದಲೇ ಕಣ್ಣುಗಳು ಭಿನ್ನವಾಗಿದ್ದವು.

ಚಿತ್ರ ಮಾಡಿದವರಿಗಾದರೂ ಒಂದೇ ಅಭಿಪ್ರಾಯವಿತ್ತೆ? ಅದೂ ಇಲ್ಲ. ಈ ದೃಶ್ಯಕ್ಕೆ ಸಂಗೀತವೇ ಬೇಡ ಎನ್ನುವುದು ಹಿಚ್‌ಕಾಕ್ ಅವರ ಮೊದಲ ಸೂಚನೆ. ಹರ್ಮನ್ ಆ ಮಾತು ಮೀರಿ ಬರೆದರು. ಕೇಳಿಸಿಕೊಂಡ ಮೇಲೆ ಹಿಚ್‌ಕಾಕ್ ಒಪ್ಪಿದರು. ಒಂದು ಹಂತದಲ್ಲಿ ಚಿತ್ರ ಕೈತಪ್ಪಿತೆಂದು ನಿರಾಶರಾಗಿ, ಒಂದು ಗಂಟೆಗೆ ಕತ್ತರಿಸಿ ತಮ್ಮ ದೂರದರ್ಶನ ಕಾರ್ಯಕ್ರಮಕ್ಕೆ ಬಳಸಿಬಿಡಲು ಅವರು ಯೋಚಿಸಿದ್ದರೆಂದೂ ಹರ್ಮನ್ ಹೇಳಿದ್ದಾರೆ. ಫ್ರಾನ್ಸಿನ ನಿರ್ದೇಶಕ ಫ್ರಾಂಸ್ವಾ ಟ್ರುಫೋ 1962ರಲ್ಲಿ ನಡೆಸಿದ ಸುದೀರ್ಘ ಸಂದರ್ಶನದ ಹೊತ್ತಿಗೆ ಅದೇ ಹಿಚ್‌ಕಾಕ್, ಕಥೆಯಿಂದಲ್ಲ, ನಟನೆಯಿಂದಲ್ಲ, ಬರಿಯ ಸಿನಿಮಾ ಕಲೆಯಿಂದಲೇ ಜನರನ್ನು ಅಲುಗಾಡಿಸಿದ್ದು ತಮ್ಮ ಹೆಮ್ಮೆ ಎನ್ನುವ ಧಾಟಿಯಲ್ಲಿ ಮಾತನಾಡುತ್ತಿದ್ದರು.

ಈ ಕಥೆಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. ಅದೇ 1960ರ ಏಪ್ರಿಲ್‌ನಲ್ಲಿ, ಅಂದರೆ ‘ಸೈಕೋ’ಗಿಂತ ಎರಡು ತಿಂಗಳು ಮೊದಲು, ಲಂಡನ್ನಿನಲ್ಲಿ ಮೈಕೆಲ್ ಪೊವೆಲ್ ಅವರ ‘ಪೀಪಿಂಗ್ ಟಾಮ್’ ತೆರೆಕಂಡಿತು. ಪೊವೆಲ್ ಬ್ರಿಟನ್ನಿನ ಗಣ್ಯ ನಿರ್ದೇಶಕರು. (ನಮ್ಮ ಮೈಸೂರು ಸೀಮೆಯ ಕಾರಾಪುರದಲ್ಲಿ ಮಾವುತನ ಮಗನಾಗಿ ಹುಟ್ಟಿ ಹಾಲಿವುಡ್‌ವರೆಗೆ ಹೋದ ಸಾಬು ಅಭಿನಯಿಸಿದ ‘ಬ್ಲಾಕ್ ನಾರ್ಸಿಸಸ್’ ಚಿತ್ರವನ್ನು 1947ರಲ್ಲಿ ಎಮೆರಿಕ್ ಪ್ರೆಸ್‌ಬರ್ಗರ್ ಜೊತೆಗೂಡಿ ನಿರ್ದೇಶಿಸಿದವರು ಇವರೇ.) ‘ಪೀಪಿಂಗ್ ಟಾಮ್’ ಚಿತ್ರದಲ್ಲೂ ಒಬ್ಬ ಸಂಕೋಚದ ಯುವಕ, ಅಲ್ಲೂ ಬಾಲ್ಯದ ಗಾಯ, ಅಲ್ಲೂ ಕೊಲೆ. ಅವನ ಕೈಯಲ್ಲಿ ಕೆಮರಾ ಇರುತ್ತದೆ. ಸಾಯುವವರ ಭಯವನ್ನು ಅವನು ಚಿತ್ರಿಸಿಕೊಳ್ಳುತ್ತಾನೆ. ಲಂಡನ್ನಿನ ವಿಮರ್ಶಕರು ಒಕ್ಕೊರಲಿನಿಂದಲೋ ಎಂಬಂತೆ ಇದನ್ನು ಬೈದರು. ವಿತರಕರು ಬೇಗನೆ ಹಿಂದೆ ತೆಗೆದರು. ಪೊವೆಲ್ ಅವರಿಗೆ ತಾಯ್ನಾಡಿನಲ್ಲಿ ಅವಕಾಶಗಳೇ ಬತ್ತಿಹೋದವು. ಅರವತ್ತರ ದಶಕದಲ್ಲಿ ಅವರು ಆಸ್ಟ್ರೇಲಿಯಾಕ್ಕೆ ಹೋಗಿ ಚಿತ್ರ ಮಾಡಬೇಕಾಯಿತು.

ಒಂದೇ ವರ್ಷ, ಹತ್ತಿರಹತ್ತಿರದ ವಸ್ತು, ಒಂದೇ ಬಗೆಯ ಬೈಗಳು. ಒಬ್ಬರು ಶ್ರೀಮಂತರಾದರು, ಇನ್ನೊಬ್ಬರ ವೃತ್ತಿ ಮುರಿಯಿತು. ಏಕೆ? ನನ್ನ ಮಟ್ಟಿಗೆ ಉತ್ತರದ ಒಂದು ಭಾಗ ಮಂದಿರದ ಬಾಗಿಲಲ್ಲಿದೆ. ಹಿಚ್‌ಕಾಕ್ ಪ್ರೇಕ್ಷಕನನ್ನು ಆಟಕ್ಕೆ ಕರೆದರು. ಜಾಹೀರಾತಿನಲ್ಲಿ ತಾವೇ ಮುಂದೆ ನಿಂತು ನಗಿಸಿದರು. ಗುಟ್ಟು ಕಾಪಾಡುವುದರಲ್ಲಿ ಪಾಲುದಾರನನ್ನಾಗಿ ಮಾಡಿದರು. ಪೊವೆಲ್ ಅವರ ಚಿತ್ರ ಪ್ರೇಕ್ಷಕನ ಕಡೆಗೇ ಬೆರಳು ತೋರಿಸಿತು: ನೋಡಿ ಸುಖಪಡುವ ನೀನು ಯಾರು ಎಂದು. ದುಡ್ಡು ಕೊಟ್ಟು ಬಂದವನಿಗೆ ಈ ಪ್ರಶ್ನೆ ಹಿಡಿಸುವುದಿಲ್ಲ.

ಕಾಲ ಕಳೆದಂತೆ ಎರಡೂ ಚಿತ್ರಗಳ ಮರ್ಯಾದೆ ಏರಿತು. ಇದು ತಾನಾಗಿ ಆದದ್ದಲ್ಲ, ಜಗಳವಾಡಿ ಆದದ್ದು. 1960ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆಗೆ ಆಂಡ್ರೂ ಸಾರಿಸ್ ಎಂಬ ಹೊಸ ವಿಮರ್ಶಕ ಬರೆದ ಮೊದಲ ವಿಮರ್ಶೆಯೇ ‘ಸೈಕೋ’ ಮೇಲಿನದು. ಹಿಚ್‌ಕಾಕ್ ಅವರನ್ನು ಅಮೆರಿಕದ ಅತ್ಯಂತ ಸಾಹಸಿ ಚಿತ್ರಕಾರರೆಂದು ಅವರು ಕೊಂಡಾಡಿದಾಗ ಓದುಗರಿಂದ ಸಿಟ್ಟಿನ ಪತ್ರಗಳು ಬಂದವು. ಇಂಗ್ಲೆಂಡಿನಲ್ಲಿ ರಾಬಿನ್ ವುಡ್ ಎಂಬ ಶಾಲಾ ಉಪಾಧ್ಯಾಯರು ಇದೇ ಚಿತ್ರದ ಬಗ್ಗೆ ಒಂದು ಗಂಭೀರ ಲೇಖನ ಬರೆದು ‘ಸೈಟ್ ಅಂಡ್ ಸೌಂಡ್’ ಪತ್ರಿಕೆಗೆ ಕಳಿಸಿದರು. ಹಾಸ್ಯವೆಂದು ಮಾಡಿದ್ದನ್ನು ನೀವು ಇಷ್ಟು ಗಂಭೀರವಾಗಿ ತೆಗೆದುಕೊಂಡಿದ್ದೀರಲ್ಲ ಎಂಬ ಅರ್ಥದ ಮಾತಿನೊಂದಿಗೆ ಅದು ತಿರುಗಿಬಂತು. ಆ ಲೇಖನವನ್ನು ಪ್ಯಾರಿಸ್ಸಿನ ‘ಕಾಯೇ ದು ಸಿನೆಮಾ’ ಫ್ರೆಂಚಿನಲ್ಲಿ ಅಚ್ಚು ಮಾಡಿತು. 1965ರಲ್ಲಿ ವುಡ್ ಹಿಚ್‌ಕಾಕ್ ಚಿತ್ರಗಳ ಮೇಲೆ ಪುಸ್ತಕವನ್ನೇ ತಂದರು. ಮುಂದೆ ವಿಶ್ವವಿದ್ಯಾಲಯಗಳಲ್ಲಿ ಸಿನಿಮಾ ಪಾಠವಾದಾಗ ಅದು ಆಕರಗ್ರಂಥವಾಯಿತು. 1992ರಲ್ಲಿ ‘ಸೈಕೋ’ ಅಮೆರಿಕದ ರಾಷ್ಟ್ರೀಯ ಚಿತ್ರ ನೋಂದಣಿಗೆ ಸೇರಿತು. ‘ಪೀಪಿಂಗ್ ಟಾಮ್’ 1979ರ ನ್ಯೂಯಾರ್ಕ್ ಚಿತ್ರೋತ್ಸವದಲ್ಲಿ ಮಾರ್ಟಿನ್ ಸ್ಕಾರ್ಸೆಸೆ ಅವರ ಬೆಂಬಲದಿಂದ ಮತ್ತೆ ಬೆಳಕು ಕಂಡಿತು. ಅದನ್ನು 1960ರಲ್ಲಿ ಖಂಡಿಸಿದ್ದ ‘ಸಂಡೇ ಟೈಮ್ಸ್’ ವಿಮರ್ಶಕಿ ಡಿಲಿಸ್ ಪೊವೆಲ್ 1994ರಲ್ಲಿ ತಮ್ಮ ತೀರ್ಪನ್ನು ಬಹಿರಂಗವಾಗಿ ಹಿಂತೆಗೆದುಕೊಂಡರು. ಅಷ್ಟರಲ್ಲಿ ನಿರ್ದೇಶಕ ಪೊವೆಲ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಇಷ್ಟು ಓದಿದ ಮೇಲೆ, ಅಂದಿನ ವಿಮರ್ಶಕರು ಕುರುಡರು, ಇಂದಿನ ನಾವು ಕಣ್ಣುಳ್ಳವರು ಎನಿಸಬಹುದು. ಹಾಗೆಂದುಕೊಂಡರೆ ಚರಿತ್ರೆ ಓದಿದಂತಾಗಲಿಲ್ಲ. ಲೆಜೂನ್ ಅವರಂಥವರ ಅಸಮಾಧಾನದಲ್ಲಿ ಒಂದು ನಿಜವಿತ್ತು. ಹೆಣ್ಣೊಬ್ಬಳ ಕೊಲೆಯನ್ನು ಇಷ್ಟು ನಯವಾಗಿ, ಇಷ್ಟು ಚೆಲುವಾಗಿ ಕಟ್ಟಿ, ಅದನ್ನು ನೋಡುವ ಸುಖಕ್ಕೆ ಟಿಕೆಟ್ ಮಾರುವುದು ಸರಿಯೆ? ಅವರದು ಸಭ್ಯತೆಯ ಭಾಷೆ. ಎಪ್ಪತ್ತರ ದಶಕದ ನಂತರ ಸ್ತ್ರೀವಾದಿ ವಿಮರ್ಶಕರು ಇಂಥ ಪ್ರಶ್ನೆಯನ್ನೇ ಬೇರೆ ಭಾಷೆಯಲ್ಲಿ, ಹೆಚ್ಚು ಹರಿತವಾಗಿ ಎತ್ತಿದರು. ಮಾನಸಿಕ ಅಸ್ವಸ್ಥನೆಂದರೆ ಕೊಲೆಗಾರ ಎಂಬ ತಪ್ಪು ಗ್ರಹಿಕೆಗೆ ಈ ಚಿತ್ರ ನೀರೆರೆಯಿತೆಂಬ ಆಕ್ಷೇಪವೂ ಬಂದಿದೆ, ಅದು ಹುರುಳಿಲ್ಲದ್ದಲ್ಲ. ಶ್ರೇಷ್ಠ ಕೃತಿಯೆಂಬ ಪಟ್ಟ ದೊರೆತ ಮಾತ್ರಕ್ಕೆ ಈ ಪ್ರಶ್ನೆಗಳು ಮುಗಿದುಹೋಗುವುದಿಲ್ಲ.

ದೂರದರ್ಶನದ ಮಟ್ಟಿಗೆ ಒಂದು ಘಟನೆ ಹೇಳಲೇಬೇಕು. 1966ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸಿ.ಬಿ.ಎಸ್. ಜಾಲ ‘ಸೈಕೋ’ ಪ್ರಸಾರಕ್ಕೆ ದಿನ ಗೊತ್ತುಮಾಡಿತ್ತು. ಅದಕ್ಕೆ ಕೆಲವೇ ದಿನ ಮೊದಲು ಇಲಿನಾಯ್ ರಾಜ್ಯದ ಸೆನೆಟ್ ಅಭ್ಯರ್ಥಿಯೊಬ್ಬರ ಮಗಳು ತನ್ನ ಮನೆಯಲ್ಲೇ ಕೊಲೆಯಾದಳು. ಪ್ರಸಾರ ಮುಂದೂಡಲ್ಪಟ್ಟು, ಕೊನೆಗೆ ಕೈಬಿಟ್ಟುಹೋಯಿತು. 1967ರಲ್ಲಿ ನ್ಯೂಯಾರ್ಕಿನ ಸ್ಥಳೀಯ ಕೇಂದ್ರವೊಂದು ಅದನ್ನು ತೋರಿಸಿತು. ಮಂದಿರಕ್ಕೆ ಹೆದರಲೆಂದೇ ಹೋಗುವವರು ಬೇರೆ, ಊಟದ ಹೊತ್ತಿಗೆ ಪೆಟ್ಟಿಗೆ ಹಾಕಿದವರು ಬೇರೆ.

ಇನ್ನು ನಿಮ್ಮ ಸರದಿ. ನಿಮ್ಮಲ್ಲಿ ಹಲವರು ಇದನ್ನು ಫೋನಿನ ಪರದೆಯಲ್ಲಿ ನೋಡಿ, ‘ಇದರಲ್ಲಿ ಭಯಪಡುವುದು ಏನಿದೆ?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ‘ಸೈಕೋ’ ಹಾಕಿಕೊಟ್ಟ ದಾರಿಯಲ್ಲಿ ನೂರಾರು ಚಿತ್ರಗಳು ನಡೆದಿವೆ. 1978ರ ‘ಹ್ಯಾಲೋವೀನ್’ ಚಿತ್ರದ ನಾಯಕಿ ಜೇಮಿ ಲೀ ಕರ್ಟಿಸ್ ಜಾನೆಟ್ ಲೀ ಅವರ ಮಗಳೇ. ಮೊಮ್ಮಕ್ಕಳನ್ನು ಮೊದಲು ಕಂಡವರಿಗೆ ಅಜ್ಜನ ಮುಖ ಎಲ್ಲೋ ನೋಡಿದಂತೆ ಅನಿಸುವುದು ಸಹಜ. ಕೊನೆಯಲ್ಲಿ ಮನೋವೈದ್ಯರೊಬ್ಬರು ಬಂದು ಎಲ್ಲವನ್ನೂ ವಿವರಿಸುವ ಭಾಗ ಬಹಳ ಜನರಿಗೆ ಬೇಸರ ತರಿಸುತ್ತದೆ. ಚಿತ್ರವನ್ನು ತುಂಬ ಮೆಚ್ಚಿದ ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಕೂಡ ಅದರಲ್ಲಿ ಹೆಚ್ಚಿನದನ್ನು ಕತ್ತರಿಸಬಹುದಿತ್ತು ಎಂದಿದ್ದಾರೆ. 1960ರ ಪ್ರೇಕ್ಷಕನಿಗೆ ಮಾತ್ರ, ನಡುಗಿದ ಮೈ ತಣಿಯಲು ಆ ಐದು ನಿಮಿಷ ಬೇಕಿತ್ತೇನೋ. 1998ರಲ್ಲಿ ಗಸ್ ವಾನ್ ಸಾಂಟ್ ಇದೇ ಚಿತ್ರವನ್ನು ಬಹುಮಟ್ಟಿಗೆ ಚಿತ್ರಿಕೆಗೆ ಚಿತ್ರಿಕೆ ಹೊಂದಿಸಿ ಬಣ್ಣದಲ್ಲಿ ಮತ್ತೆ ತೆಗೆದರು. ಹೆಚ್ಚಿನವರಿಗೆ ಅದು ಹಿಡಿಸಲಿಲ್ಲ. ಚಿತ್ರಿಕೆಗಳನ್ನು ನಕಲು ಮಾಡಬಹುದು. ಕಥೆ ಗೊತ್ತಿಲ್ಲದ ಪ್ರೇಕ್ಷಕನನ್ನು ಎಲ್ಲಿಂದ ತರುವುದು?

ಕೊನೆಯದಾಗಿ ಒಂದು ಸಣ್ಣ ವಿವರ. ಅಮೆರಿಕದಲ್ಲಿ ಬಹುಕಾಲ ಓಡಾಡಿದ ಪ್ರತಿಗಳಲ್ಲಿ ಕೆಲವು ಸೆಕೆಂಡುಗಳ ದೃಶ್ಯ ಇರಲಿಲ್ಲ: ಬಟ್ಟೆ ಬಿಚ್ಚುವಾಗಿನ ಒಂದು ಕ್ಷಣ, ಕೈಗೆ ಮೆತ್ತಿದ ರಕ್ತ, ಎರಡನೆಯ ಕೊಲೆಯಲ್ಲಿ ಇನ್ನೆರಡು ಇರಿತ. ಜರ್ಮನಿಯ ದೂರದರ್ಶನದಲ್ಲಿ ಆ ತುಣುಕುಗಳು ಉಳಿದಿದ್ದವು. 2020ರಲ್ಲಿ ಅರವತ್ತನೆಯ ವರ್ಷದ ಹೊಸ ಆವೃತ್ತಿ ಬಂದಾಗ ಅವು ಮತ್ತೆ ಸೇರಿದವು. ಅಂದರೆ ಇಷ್ಟು ವರ್ಷ ವಾದ ಮಾಡಿದವರಲ್ಲಿ ಎಲ್ಲರೂ ನೋಡಿದ್ದು ಒಂದೇ ‘ಸೈಕೋ’ ಅಲ್ಲ. ನಿಮ್ಮ ಕೈಗೆ ಬರುವ ಪ್ರತಿ ಯಾವುದೆಂದು, ನೋಡುವ ಮೊದಲೇ ಒಮ್ಮೆ ವಿಚಾರಿಸಿಕೊಳ್ಳಿ.